ಕಾಣಲಿಲ್ಲ, ಆದ್ರ ಐತಿ

2 ಜೂನ್ 2025, ಸೋಮವಾರ

ಇವರು ಬ್ಯಾಂಕಿನಿಂದ ನಿವೃತ್ತರಾಗಿ ಮೂರು ವರ್ಷವಾಯಿತು. ಬ್ಯಾಂಕಿನ ಡೈರಿಗಳು ಮಾತ್ರ ಮನೆಗೆ ಬರುವುದನ್ನು ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಒಂದನ್ನು ನನ್ನ ಚೀಲದಲ್ಲಿ ತುರುಕಿ, “ನನ್ನ ಮುಂದ ಹೇಳಾಕ ಆಗಲಿಲ್ಲಂದ್ರ ಇದರಾಗರ ಬರಿ, ನಾಗರತ್ನಾ” ಎಂದರು. ಹೇಳುವುದೇನಿದೆ? ನಿದ್ದೆ ಬರುವುದಿಲ್ಲ, ಅಷ್ಟೆ. ಐವತ್ತನಾಲ್ಕರ ಯಾವ ಹೆಂಗಸಿಗೆ ನಿದ್ದೆ ಬರುತ್ತದೆ? ಆದರೂ ಖಾಲಿ ಪುಟ ಕಂಡರೆ ಮಾಸ್ತರಿಕೆಯ ಕೈ ಸುಮ್ಮನಿರದು. ಖಾನಾಪುರದ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ರಸ್ತೆಯ ತಪ್ಪು.

ಶಾಲೆ ಮೊನ್ನೆಯಿಂದ ಶುರು. ಬೆಳಗಾವಿಯ ಶಿವಬಸವ ನಗರದ ಮನೆಯಿಂದ ಖಾನಾಪುರ, ಅಲ್ಲಿಂದ ಹಲಸಿ ರಸ್ತೆಯಲ್ಲಿ ಟೆಂಪೊ, ಊರ ಹೊರಗೆ ನಮ್ಮ ಶಾಲೆ. ಎರಡು ಕೋಣೆ, ಐದು ತರಗತಿ, ಇಪ್ಪತ್ತಾರು ಮಕ್ಕಳು. ಹನ್ನೊಂದು ವರ್ಷದಿಂದ ಅದನ್ನು ಕನ್ನಡಿಯ ಹಾಗೆ ಇಟ್ಟಿದ್ದೇನೆ. ಒಂದು ಎಲೆ ಬಿದ್ದರೂ ನನ್ನ ಕಣ್ಣು ತಪ್ಪಿಸುವುದಿಲ್ಲ.

ಹೋದ ವರ್ಷದ ವಿಷಯವನ್ನು ಒಮ್ಮೆ ಬರೆದು ಮುಗಿಸುತ್ತೇನೆ. ಆಗಸ್ಟ್ 12ರಂದು ಮೂರನೇ ತರಗತಿಯ ಮಾಯಾ, ಕುರಿ ಕಾಯುವ ಬಂಡೆಪ್ಪನ ಮಗಳು, ಶಾಲೆಯ ಅಡುಗೆಮನೆಯ ಹಿಂದೆ ನಾಗರ ಕಚ್ಚಿ ತೀರಿಕೊಂಡಳು. ಬಿಸಿಯೂಟದ ಕಾಂತಾ ಅಲ್ಲಿ ಗೋಡೆಗೆ ಹಚ್ಚಿ ಕಟ್ಟಿಗೆ ಒಟ್ಟಿದ್ದಳು. ಪಕ್ಕದ ಗದ್ದೆಯಿಂದ ಬಂದ ಹಾವು ಅದರಲ್ಲಿ ಸೇರಿಕೊಂಡಿತ್ತು. ಆವರಣದ ಮೂಲೆಯಲ್ಲಿದ್ದ ಹುತ್ತ ಮಳೆಗೆ ತಾನೇ ಕುಸಿದಿತ್ತು, ಅದರಲ್ಲಿ ಏನೂ ಇರಲಿಲ್ಲ. ಕಾಂತಾಳನ್ನು ಕೆಲಸದಿಂದ ತೆಗೆದರು. ಇದೆಲ್ಲ ನನ್ನ ವರದಿಯಲ್ಲಿದೆ. ಇಲ್ಲಿ ಮತ್ತೆ ಬರೆಯುವ ಅಗತ್ಯವಿರಲಿಲ್ಲ.

5 ಜೂನ್, ಗುರುವಾರ

ಪರಿಸರ ದಿನ. ಸುತ್ತೋಲೆ ಬಂದಿದೆ: ಶಾಲೆಯ ಆವರಣದಲ್ಲಿ ಒಂದು ಜಾಗವನ್ನು ಮಕ್ಕಳೇ ಆರಿಸಬೇಕು, ಅಲ್ಲಿ ಗಿಡ, ಹುಳು, ಹಕ್ಕಿಗಳಿಗೆ ಇರಲು ಬಿಡಬೇಕು, ಕಂಡದ್ದನ್ನು ಬರೆದಿಡಬೇಕು. ನಾನು ಧ್ವಜದ ಕಟ್ಟೆಯ ಸುತ್ತ ನಾಲ್ಕು ಗುಲಾಬಿ ಕುಂಡ ಇಡಿಸಿ ಫೋಟೋ ಕಳಿಸಿ ಮುಗಿಸುವವಳಿದ್ದೆ.

“ಎಲ್ಲಿ ಮಾಡೂಣು?” ಎಂದು ಬಾಯಿಮಾತಿಗೆ ಕೇಳಿದೆ. ನಾಲ್ಕನೇ ತರಗತಿಯ ಪೂರ್ಣಿಮಾ ಎದ್ದು ನಿಂತು ಬೇವಿನ ಗಿಡದ ಹಿಂದಿನ ಮೂಲೆಯ ಕಡೆ ಕೈ ಮಾಡಿದಳು. ಹುತ್ತವಿದ್ದ ಮೂಲೆ. ಹೋದ ವರ್ಷ ಬೋಳು ಮಾಡಿಸಿದ್ದು, ಈಗ ಮತ್ತೆ ಹುಲ್ಲು ಹಬ್ಬಿದೆ.

“ಆ ಕಸದ ಮೂಲಿ ಯಾಕ?”

“ಅಲ್ಲಿ ಆಗಲೇ ಎಲ್ಲಾರೂ ಅದಾರ್ರೀ, ಟೀಚರ್ರ.”

ಬೇರೆ ಜಾಗ ಹೇಳಿರೆಂದೆ. ಯಾರೂ ಹೇಳಲಿಲ್ಲ. ಕೈ ಎತ್ತಿಸಿದೆ, ಇಪ್ಪತ್ತಾರೂ ಎದ್ದವು. ಸುತ್ತೋಲೆಗೆ ಎದುರಾಡಿ ನನಗೆ ರೂಢಿಯಿಲ್ಲ. ಸುಣ್ಣ ಬಳಿದ ಕಲ್ಲುಗಳ ಗೆರೆ ಹಾಕಿಸಿ, ಅದನ್ನು ದಾಟಿ ಒಳಗೆ ಕಾಲಿಟ್ಟವರ ಕಾಲು ಮುರಿಯುತ್ತೇನೆ ಎಂದೆ. ದಾಟುವುದಿಲ್ಲವಂತೆ. ಹೊರಗೆ ನಿಂತೇ ನೋಡುತ್ತಾರಂತೆ.

12 ಜೂನ್, ಗುರುವಾರ

ಮಕ್ಕಳು ಇನ್ನೂರು ಪುಟದ ವಹಿಯೊಂದನ್ನು ಮಾಡಿಕೊಂಡಿದ್ದಾರೆ. ನಾನೇ ಗೆರೆ ಎಳೆದುಕೊಟ್ಟೆ: ತಾರೀಖು, ಏನು, ಎಷ್ಟು, ನೋಡಿದವರು. ದಿನಾ ಬೆಳಿಗ್ಗೆ ಹಾಲು ಕುಡಿದ ಮೇಲೆ ಹತ್ತು ನಿಮಿಷ ಗೆರೆಯ ಹೊರಗೆ ಸಾಲಾಗಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಪಾಠದಲ್ಲಿ ಎರಡು ನಿಮಿಷ ಸುಮ್ಮನಿರದ ಮಂಗಗಳು ಅಲ್ಲಿ ಉಸಿರು ಬಿಗಿಹಿಡಿದಿರುತ್ತವೆ. ಓತಿಕೇತ 1. ಹಳದಿ ಚಿಟ್ಟೆ 7. ಕೆಂಪಿರುವೆ “ಎಣಿಸಾಕ ಆಗಲಿಲ್ಲ.”

ಇವತ್ತು ಜಗಳ. ಬೇಲಿಯೊಳಗೆ ಒಂದು ಹಕ್ಕಿ ಕೂಗಿತು, ಯಾರಿಗೂ ಕಾಣಲಿಲ್ಲ. ಬರೆಯಬೇಕೋ ಬೇಡವೋ? ಕಾಣದ್ದನ್ನು ಬರೆಯಬಾರದು ಎಂದು ತೀರ್ಪು ಕೊಟ್ಟೆ. ಪೂರ್ಣಿಮಾ ಒಪ್ಪಲಿಲ್ಲ. “ಮುಂಗಲಿ ಹೆಜ್ಜಿ ಕೆಸರಾಗ ಮೂಡಿದ್ವಲ್ರೀ, ಮುಂಗಲಿ ಕಂಡೇ ಇಲ್ಲ. ಹಂಗಂತ ಇಲ್ಲಂತೀರೇನು?” ಮುಂಗುಸಿ ಇದೆಯೆಂದು ಒಪ್ಪಬೇಕಾಯಿತು. ವಹಿಯ ಹಿಂದಿನಿಂದ ಬೇರೆ ಪುಟ ತೆಗೆದರು. ತಲೆಬರಹ: ಕಾಣಲಿಲ್ಲ, ಆದ್ರ ಐತಿ.

ಶುದ್ಧವಾಗಿ ಬರೆಯಿರಿ ಎಂದು ಗದರಿದೆ. ಬರೆಯಲಿಲ್ಲ.

20 ಜೂನ್, ಶುಕ್ರವಾರ

ಬರೆಯಬಾರದೆಂದಿದ್ದೆ. ಹಾಜರಿ ಕೂಗುವಾಗ ನಾಲ್ಕನೇ ತರಗತಿಯಲ್ಲಿ ನನ್ನ ಬಾಯಿ ತಪ್ಪಿ “ಮಾಯಾ” ಎಂದಿತು. ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಇದು ಹೊಸ ವರ್ಷದ ಪಟ್ಟಿ, ನಾನೇ ಬರೆದದ್ದು.

“ಹಾಜರ್ರೀ, ಟೀಚರ್ರ.”

ತಲೆ ಎತ್ತಿದೆ. ಎಲ್ಲರೂ ಪುಸ್ತಕ ನೋಡುತ್ತಿದ್ದರು. ಹೊರಗೆ ಸಣ್ಣ ಮಳೆ. ಮುಂದಿನ ಹೆಸರು ಕೂಗಿದೆ. ಆ ಮೇಲೆ ಕಪಾಟಿನ ಹಿಂದೆ ನಿಂತು ನೀರು ಕುಡಿದೆ, ಅರ್ಧ ಸೆರಗಿನ ಮೇಲೆ ಬಿತ್ತು.

25 ಜೂನ್, ಬುಧವಾರ

ಖಾನಾಪುರ ತಾಲೂಕಿಗೆ ಮಳೆಯ ರಜೆ. ಮನೆಯಲ್ಲೇ ಇದ್ದೇನೆ. ಬಚ್ಚಲಿನ ಮೂಲೆಯಲ್ಲಿ ಜೇಡ ಬಲೆ ಕಟ್ಟಿದೆ. ಇವರು ಕಸಬರಿಗೆ ತಂದರು. ಇರಲಿ ಬಿಡಿ ಎಂದೆ. “ಹಿಂಗ ಅನ್ನಾಕಿ ನೀನೇನ?” ಎಂದು ನನ್ನ ಮುಖ ನೋಡಿದರು.

3 ಜುಲೈ, ಗುರುವಾರ

ವಹಿ ತಿದ್ದಲು ತೆಗೆದಿದ್ದೆ. ಹಿಂದಿನ ಪುಟ. ಕೋಗಿಲೆ, ದನಿ. ಮುಂಗುಸಿ, ಹೆಜ್ಜೆ. ಎಲೆ ತಿಂದ ಹುಳು, ಎಲೆಯ ತೂತು. ಅದರ ಕೆಳಗೆ ಅದೇ ದುಂಡು ಅಕ್ಷರದಲ್ಲಿ:

ಮಾಯಾ, 1.

ಪೂರ್ಣಿಮಾಳನ್ನು ಕರೆದೆ. ನನ್ನ ದನಿ ನನಗೇ ಗುರುತಾಗಲಿಲ್ಲ, ಅಷ್ಟು ಜೋರಾಗಿ ಕೂಗಿದ್ದೆ. ಅವಳು ಹೆದರಲಿಲ್ಲ. ಹೋದ ವರ್ಷ ಒಂದೇ ಮಣೆಯ ಮೇಲೆ ಮಾಯಾಳ ಪಕ್ಕ ಕೂರುತ್ತಿದ್ದವಳು ಇವಳು.

“ಹಾಜರಿ ಒಳಗ ಹಾಜರ್ ಅಂದಾಕಿ ನೀನೇನು?”

“ಹೂಂ ರೀ. ಅಕಿ ನೀರು ಕುಡ್ಯಾಕ ಹೋದಾಗ ನಾ ಅಂತಿದ್ದೆ, ನಾ ಹೋದಾಗ ಅಕಿ ಅಂತಿದ್ಲು. ನೀವು ಕರದ್ರಿ, ಅದಕ್ಕ ಅಂದೆ.”

“ಸತ್ತೋರನ್ನ ಹಿಂಗ ವಹಿಯೊಳಗ ಬರೀತಾರೇನು?”

“ಅಕಿ ಕಾಣಂಗಿಲ್ಲ ಅಷ್ಟ ರೀ. ಅಕಿ ಊರಿದ ಅವರಿಬೀಜ ಈ ವರ್ಷ ತಾನ ಬಿದ್ದು ಹುಟ್ಟೈತಿ, ಬೇಲಿ ತುಂಬ ಹಬ್ಬೈತಿ. ಹೆಜ್ಜಿ ಇದ್ರ ಮುಂಗಲಿ ಐತಿ ಅಂತ ನೀವ ಒಪ್ಪಿದ್ರಿ.”

ಹೋಗೆಂದೆ. ಆ ಸಾಲನ್ನು ಹೊಡೆದುಹಾಕಲು ಕೆಂಪು ಪೆನ್ನು ತೆಗೆದೆ. ಹಾಗೇ ಮುಚ್ಚಿಟ್ಟೆ. ಶಾಯಿ ಮುಗಿದಿತ್ತು. ಇಲ್ಲ, ಮುಗಿದಿರಲಿಲ್ಲ.

8 ಜುಲೈ, ಮಂಗಳವಾರ

ಹಾಲು ಹಂಚುವಾಗ ಯಾರದೋ ಲೋಟ ಕಲ್ಲುಹಾಸಿನ ಮೇಲೆ ಬಿದ್ದು ಉರುಳುತ್ತ ಹೋಯಿತು. ಸ್ಟೀಲಿನ ಆ ಸದ್ದು. ನಾನು ಕುರ್ಚಿಯಿಂದ ಎದ್ದು ಅಡುಗೆಮನೆಯ ಹಿಂದಕ್ಕೆ ಓಡಿದ್ದೆ. ಅಲ್ಲಿ ಏನೂ ಇರಲಿಲ್ಲ. ಮಕ್ಕಳು ನನ್ನನ್ನೇ ನೋಡುತ್ತಿದ್ದರು.

ಮಾಯಾಳ ಲೋಟ ನನ್ನ ಹತ್ತಿರ ಇದೆ. ಮನೆಯ ಕಪಾಟಿನಲ್ಲಿ ಇಳಕಲ್ ಸೀರೆಗಳ ಹಿಂದೆ. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೆತ್ತಿಸಿದ್ದಾರೆ. ಅಂದು ಕಟ್ಟಿಗೆಯ ಬಳಿ ಬಿದ್ದಿತ್ತು. ಯಾರಾದರೂ ಕೇಳಿದರೆ ಕೊಡೋಣವೆಂದು ಚೀಲಕ್ಕೆ ಹಾಕಿಕೊಂಡೆ. ಯಾರೂ ಕೇಳಲಿಲ್ಲ.

15 ಜುಲೈ, ಮಂಗಳವಾರ

ಮೂಲೆಯಲ್ಲಿ ಹೊಸ ಹುತ್ತ ಎದ್ದಿದೆ. ನನ್ನ ಮೊಣಕಾಲೆತ್ತರ. ಗೆದ್ದಲಿಗೆ ಯಾರ ಅಪ್ಪಣೆ ಬೇಕು! ಮಕ್ಕಳಿಗೆ ಅದರದೇ ಸಂಭ್ರಮ, ದಿನಾ ಕಡ್ಡಿ ಹಿಡಿದು ದೂರದಿಂದಲೇ ಅಳೆಯುತ್ತಾರೆ. ಇವತ್ತು ಪಾಠದ ನಡುವೆ ಒಬ್ಬ ಬಂದು, “ಟೀಚರ್ರ, ಪೊರಿ” ಎಂದ.

ಹೋಗಿ ನೋಡಿದೆ. ಹುತ್ತದ ಬುಡದಲ್ಲಿ ಹುಲ್ಲಿಗೆ ಸಿಕ್ಕಿಕೊಂಡು ಹಾವಿನ ಪೊರೆ, ಒಂದು ಮಾರಿನಷ್ಟು. ಒಳಗಿದ್ದದ್ದು ಈಗಷ್ಟೇ ಎದ್ದು ಹೋದ ಹಾಗೆ ಗಾಳಿಗೆ ಅಲುಗುತ್ತಿತ್ತು. ಮಕ್ಕಳು ಗೆರೆಯ ಹೊರಗೇ ಇದ್ದರು, ಒಬ್ಬರೂ ದಾಟಿರಲಿಲ್ಲ.

“ಯಾರ ಮುಂದೂ ಹೇಳಬ್ಯಾಡ್ರಿ. ನನ್ನ ಆಣಿ ಐತಿ” ಎಂದೆ.

ಅಂದ ಮೇಲೆ ನನ್ನ ಕಿವಿಗೆ ನನ್ನ ಮಾತು ಬಿತ್ತು. ಪೂರ್ಣಿಮಾ ನನ್ನ ಕಡೆ ತಿರುಗಿ ಹೇಳಿದಳು: “ಮಾಯಾಗೂ ನೀವು ಆಣಿ ಹಾಕಿದ್ರಿ. ಏನಂತ ಹೇಳಲಿಲ್ಲ ಅಕಿ. ಟೀಚರ್ರ ಆಣಿ ಐತಿ ಅಂತ ಅಷ್ಟ ಅಂದ್ಲು. ಹೇಳಲಿಲ್ಲಂದ್ರ ಮತ್ತ ಯಾರರ ಸಾಯ್ತಾರ್ರೀ?”

ಗಂಟೆ ಹೊಡೆಯಿರಿ ಎಂದೆ. ಇನ್ನೂ ಎರಡೂವರೆ ಆಗಿತ್ತು.

17 ಜುಲೈ, ಗುರುವಾರ

ಮಕ್ಕಳು ಮನೆಯಲ್ಲಿ ಹೇಳಿದ್ದಾರೆ. ಆಣೆ ಮುರಿದರೆಂದು ಬೈಯಬೇಕಿತ್ತು. ಬೈಯಲಿಲ್ಲ. ಹೇಳಿದರಲ್ಲ ಎಂದು ಒಳಗೆ ಎಲ್ಲೋ ಸಮಾಧಾನವಾಯಿತೆಂದು ಬರೆದರೆ ನನಗೇ ನಂಬಿಕೆ ಬರುವುದಿಲ್ಲ.

ಶಾಲಾ ಸಮಿತಿಯ ಅಧ್ಯಕ್ಷ ಬಾಳಾಸಾಹೇಬ ಮಧ್ಯಾಹ್ನ ಬಂದರು, ಜೊತೆಗೆ ಬಂಡೆಪ್ಪ. ಅವನ ಮನೆ ಶಾಲೆಗೆ ಎದುರಿಗೇ ಇದೆ. ಆದರೂ ಆಗಸ್ಟಿನಿಂದ ಇವತ್ತಿನವರೆಗೆ ಆವರಣದೊಳಗೆ ಕಾಲಿಟ್ಟಿರಲಿಲ್ಲ. ಕಂಬಳಿ ಹೆಗಲ ಮೇಲಿತ್ತು. ಅಡುಗೆಮನೆಯ ಕಡೆಗೆ ಮುಖ ತಿರುಗಿಸದೆ ನಿಂತ.

“ಪಂಚಮಿ ಬಂತ್ರೀ ಬಾಯಾರ,” ಎಂದರು ಬಾಳಾಸಾಹೇಬ. “ಹುತ್ತ ಇತ್ತಂದ್ರ ಹೆಣ್ಮಕ್ಕಳು ಹಾಲು ಎರಿಯಾಕ ಬರ್ತಾರ. ಇಪ್ಪತ್ತಾರಕ್ಕ ಜೆಸಿಬಿ ತರಿಸ್ತೀನಿ, ಮೂಲಿ ಪೂರಾ ಸಪಾಟ ಮಾಡಿಬಿಡೂಣು. ಇಪ್ಪತ್ತೈದಕ್ಕ ಮೀಟಿಂಗ್, ನೀವು ಸಹಿ ಮಾಡ್ರಿ, ಮುಗೀತು.”

ಬಂಡೆಪ್ಪ ಒಂದೇ ಮಾತು ಅಂದ. “ನನ್ನ ಕೂಸು ಹೋತು. ಇನ್ನೊಬ್ಬರ ಕೂಸು ಬ್ಯಾಡ್ರಿ.”

ಅದಕ್ಕೆ ಎದುರು ಏನು ಹೇಳುವುದು? ಹುತ್ತ ಒಡೆದರೆ ಒಳಗಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿದೆ. ಈ ಊರಲ್ಲಿ ನನಗೊಬ್ಬಳಿಗೇ ಗೊತ್ತಿದೆ. ಸಹಿ ಮಾಡುತ್ತೇನೆ ಎಂದೆ.

20 ಜುಲೈ, ಭಾನುವಾರ

ಇಲ್ಲೇ ಬೆಳಗಾವಿಯ ವಡಗಾವಿಗೆ ಹೋಗಿದ್ದೆ. ಕಾಂತಾ ಈಗ ತಂಗಿಯ ಮನೆಯಲ್ಲಿದ್ದು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾಳೆಂದು ಗೊತ್ತಿತ್ತು. ಓಣಿಯೋ, ಎರಡು ಸೈಕಲ್ಲು ಎದುರಾದರೆ ಒಂದು ಗೋಡೆ ಹತ್ತಬೇಕು. ಎಲ್ಲ ಮನೆಯೊಳಗೂ ಮಗ್ಗದ ಸದ್ದು. ಹೇಳಿಬಿಡಬೇಕೆಂದೇ ಹೋಗಿದ್ದೆ.

ನನ್ನನ್ನು ಕಂಡು ಅವಳು ಎದ್ದು ಚಾಪೆ ಹಾಸಿದಳು. “ಬರ್ರಿ ಬಾಯಾರ, ಕುಂದರ್ರಿ.” ಚಹಾ ಮಾಡಿಸಿದಳು, ಆದರೆ ತಾನು ಮಾಡಲಿಲ್ಲ, ತಂಗಿಯ ಕೈಯಿಂದ ಮಾಡಿಸಿದಳು. ನಾನು ಅದನ್ನು ಗಮನಿಸಿದ್ದು ಅವಳಿಗೆ ತಿಳಿಯಿತೇನೋ, ತಾನೇ ಹೇಳಿದಳು.

“ನಾ ಒಲಿ ಮುಂದ ಕುಂದರೂದ ಬಿಟ್ಟೇನ್ರೀ. ಒಲಿ ಕಂಡ್ರ ಆ ಕಟಗಿ ಕಣ್ಣಿಗೆ ಬರ್ತೈತಿ. ಹಿಂದಿನ ದಿನ ಅದನ್ನ ಒಳಗ ಹಾಕಬೇಕಂತ ಮಾಡಿದ್ದೆ, ಐತವಾರ ಅಂತ ಬರಲಿಲ್ಲ. ಒಂದ್ ದಿನ ಆಲಸ್ಯ ಮಾಡಿ ಕೂಸಿನ ಜೀವಾ ತಿಂದೆ.”

ಅದೇ ಭಾನುವಾರ. ಅವಳು ಬಂದಿದ್ದರೆ ನನ್ನನ್ನು ನೋಡುತ್ತಿದ್ದಳು.

ನಾನು ಬಾಯಿ ತೆರೆದೆ. “ಚಹಾ ಚಲೋ ಆಗೇತಿ” ಎಂದೆ. ಅಷ್ಟು ಹೇಳಿ ಎದ್ದು ಬಂದೆ. ಥೂ ನನ್ನ ಜನ್ಮಕ್ಕೆ.

22 ಜುಲೈ, ಮಂಗಳವಾರ

ಮಳೆಯ ರಜೆ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತು ಅಂಗೈ ಮೇಲಿನ ಲಿಂಗವನ್ನು ನೋಡಲಾಗದೆ ಎದ್ದೆ. ಈಗ ಬರೆಯುತ್ತೇನೆ.

ಹೋದ ವರ್ಷ ಪಂಚಮಿ ಆಗಸ್ಟ್ 9ಕ್ಕೆ ಬಂದಿತ್ತು. ಊರ ಹೆಂಗಸರು ನಮ್ಮ ಮೂಲೆಯ ಹುತ್ತಕ್ಕೆ ಹಾಲೆರೆದು, ಅರಿಷಿಣ ಕುಂಕುಮ, ಜೋಳದ ಅಳ್ಳು, ಬಾಳೆಹಣ್ಣು, ಹಾಲಿನ ಪಾಕೀಟು ಎಲ್ಲ ಬಿಟ್ಟು ಹೋಗಿದ್ದರು. ನೊಣ ಮುತ್ತಿ ನಾರುತ್ತಿತ್ತು. ಸೋಮವಾರ 12ಕ್ಕೆ ಸ್ವಚ್ಛ ಶಾಲೆ ಪ್ರಶಸ್ತಿಯ ತಪಾಸಣೆ. ನನಗೆ ಹುತ್ತವೆಂದರೆ ಮಣ್ಣು. ನಮ್ಮ ತಂದೆ ಶರಣರು, ಹುತ್ತಕ್ಕೆ ಕೈಮುಗಿಯುವವರನ್ನು ಕಂಡರೆ ನಗುತ್ತಿದ್ದರು. ನಾನೂ ನಕ್ಕೆ. ನನ್ನಷ್ಟು ತಿಳಿದವಳು ಆ ಊರಲ್ಲಿ ಯಾರಿದ್ದರು!

ಊರವರು ಯಾರೂ ಹುತ್ತಕ್ಕೆ ಗುದ್ದಲಿ ಹಾಕುವುದಿಲ್ಲ. ಅದಕ್ಕೆ ಭಾನುವಾರ ವಡಗಾವಿಯಿಂದ ರಾಮಲಿಂಗನೆಂಬ ಕೂಲಿಯವನನ್ನು ಕರೆದುಕೊಂಡು ಹೋದೆ. ಮಳೆ ನಿಂತು ಹೊಳವಾಗಿತ್ತು. ಊರೆಲ್ಲ ನಾಟಿಗೆ ಹೋಗಿತ್ತು. ಅವನೂ ಊದುಬತ್ತಿ ಹಚ್ಚಿ ಕೈಮುಗಿದೇ ಗುದ್ದಲಿ ಎತ್ತಿದ್ದು. ನಾನು ಹಳೆಯ ಟೈರೊಂದನ್ನು ಹೊತ್ತಿಸಿ ತೂತಿನ ಬಾಯಿಗೆ ಇಡಿಸಿದೆ. ಅವನು ನೀರು ತರಲು ಬೋರಿಗೆ ಹೋದಾಗ ಅದು ಹೊರಗೆ ಬಂತು. ಹೆಡೆ ಎತ್ತಲಿಲ್ಲ. ದಣಿದಿತ್ತು. ಮೈದಾನ ದಾಟಿ ಹೋಗಿ ಅಡುಗೆಮನೆಯ ಗೋಡೆಯ ಕಟ್ಟಿಗೆಯೊಳಗೆ ಸೇರಿತು.

ಬಾಜೂಕ್ಕೆ ಮಾಯಾ ನಿಂತಿದ್ದಳು. ಹೊಗೆ ನೋಡಿ ಮನೆಯಿಂದ ಬಂದಿದ್ದಳು. ನಾವಿಬ್ಬರೇ ನೋಡಿದೆವು.

“ಅದರ ಮನಿ ಸುಟ್ವಿ, ಟೀಚರ್ರ. ಇನ್ನ ಎಲ್ಲಿ ಇರತೈತಿ?”

ಸುಟ್ಟಿರಿ ಎನ್ನಲಿಲ್ಲ. ತನ್ನನ್ನೂ ಸೇರಿಸಿಕೊಂಡಳು. ಊರಿಗೆ ಗೊತ್ತಾದರೆ ಹುತ್ತ ಒಡೆಸಿದ್ದಕ್ಕೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ, ತಪಾಸಣೆ ನಿಲ್ಲುತ್ತದೆ. ಹಾವು ತಾನೇ ಹೋಗುತ್ತದೆ ಎಂದುಕೊಂಡೆ. “ಯಾರ ಮುಂದೂ ಹೇಳಬ್ಯಾಡ. ನನ್ನ ಆಣಿ” ಎಂದು ಅವಳ ಕೈ ಹಿಡಿದು ಹೇಳಿಸಿದೆ. ಹುತ್ತ ಮಳೆಗೆ ಕುಸಿಯಿತೆಂದು ಮರುದಿನ ಎಲ್ಲರಿಗೂ ಹೇಳಿದೆ.

ಸೋಮವಾರ ಅಧಿಕಾರಿಗಳು ಹೊಗಳಿ ಹೋದರು. ಮಾಯಾ ಬೆಳಗಿನ ಹಾಲು ಕುಡಿಯದೆ ಉಳಿಸಿಕೊಂಡಿದ್ದಳು. ಊಟದ ಗಂಟೆಯಾದಾಗ ಲೋಟ ಹಿಡಿದು ಕಟ್ಟಿಗೆಯ ಹತ್ತಿರ ಹೋದಳು. ಲೋಟ ತೊಳೆಯಲು ಹೋಗಿದ್ದಳೆಂದು ಎಲ್ಲರೂ ತಿಳಿದರು. ಕಟ್ಟಿಗೆಯ ಬಳಿ ಚೆಲ್ಲಿದ ಹಾಲನ್ನು ಕಂಡವಳು ನಾನೊಬ್ಬಳೇ. ಬೆಳಗಾವಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಜೀಪಿನಲ್ಲಿ ನನ್ನ ತೊಡೆಯ ಮೇಲೆ ಅವಳ ತಲೆ ಇತ್ತು. ಹೇಗೆ ಕಚ್ಚಿತು ಎಂದು ಅವಳ ಅಪ್ಪ ಕೇಳುತ್ತಲೇ ಇದ್ದ. ಅವಳು ನನ್ನ ಮುಖ ನೋಡಿದಳು. ಹೇಳಲಿಲ್ಲ. ಆಣೆ ಇತ್ತಲ್ಲ.

25 ಜುಲೈ, ಶುಕ್ರವಾರ

ಮೀಟಿಂಗು ಮೂರು ಗಂಟೆಗೆ. ಮೂಲೆ ಸಪಾಟು ಮಾಡುವ ಠರಾವು ಬರೆದಿಟ್ಟಿದ್ದರು, ಸಹಿ ಮಾತ್ರ ಬಾಕಿ. ಕರೆಯದೆ ಮಕ್ಕಳು ಬಂದರು. ಪೂರ್ಣಿಮಾ ವಹಿಯನ್ನು ಎದೆಗವಚಿಕೊಂಡಿದ್ದಳು.

“ನೋಡ್ರಿ, ಜೂನದಿಂದ ಬರದೇವಿ. ಹಾವಿನ ಪೊರಿ ಹುತ್ತದ ಬುಡಕ್ಕ, ಅದು ಹರದ ಗೆರಿ ಬೇಲಿ ಮಗ್ಗಲಕ. ಸಾಲಿ ಕಡೆ ಒಂದ್ ಸಲಾನೂ ಇಲ್ಲ. ಅದಕ್ಕ ಅಲ್ಲಿ ಮನಿ ಐತಿ, ಇಲಿ ಕಪ್ಪಿ ಅದಾವ. ಇಲ್ಲಿಗ್ಯಾಕ ಬರ್ತೈತ್ರೀ?”

“ಹೋದ ವರ್ಷ ಬಂದಿತ್ತಲ್ಲವಾ,” ಎಂದರು ಬಾಳಾಸಾಹೇಬ, ಸಮಾಧಾನದಿಂದಲೇ. “ಹೋಗ್ರಿ, ಆಡ್ಕೋ ಹೋಗ್ರಿ.”

ಹುಡುಗಿ ನನ್ನ ಕಡೆ ನೋಡಿದಳು. ಉತ್ತರ ನನ್ನ ಹತ್ತಿರವಿತ್ತು.

ವಹಿ ಕೊಡು ಎಂದೆ. ಮಾತಿನಲ್ಲಿ ಹೇಳಲು ಹೋದರೆ ಮತ್ತೆ ಚಹಾ ಚಲೋ ಆಗೇತಿ ಎನ್ನುತ್ತಿದ್ದೆನೇನೋ. ಕಂಡದ್ದರ ಪುಟ ತೆಗೆದು, ನಾನೇ ಎಳೆದ ಗೆರೆಗಳ ನಡುವೆ ಬರೆದೆ. ತಾರೀಖು: 11 ಆಗಸ್ಟ್ 2024. ಏನು: ನಾಗರಹಾವು. ಹುತ್ತ ಒಡೆಸಿ ಹೊಗೆ ಹಾಕಿದಾಗ ಹೊರಬಂದು ಅಡುಗೆಮನೆಯ ಕಟ್ಟಿಗೆಯೊಳಗೆ ಹೋಯಿತು. ಎಷ್ಟು: 1. ನೋಡಿದವರು: ನಾಗರತ್ನಾ, ಮಾಯಾ.

ಬಂಡೆಪ್ಪನ ಕೈಗೆ ಕೊಟ್ಟೆ. ಅವನು ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಮಗಳ ಹೆಸರಿಗೆ ಬಂದು ನಿಂತ. ಆ ಮೇಲೆ ಉಳಿದದ್ದನ್ನೆಲ್ಲ ಬಾಯಲ್ಲಿ ಹೇಳಿದೆ. ಆಣೆ ಹಾಕಿದ್ದು, ಮಳೆಗೆ ಕುಸಿಯಿತೆಂದು ಸುಳ್ಳು ಹೇಳಿದ್ದು, ಕಾಂತಾಳ ಮೇಲೆ ಹೊರಿಸಿದ್ದು. ಚೀಲದಿಂದ ಲೋಟ ತೆಗೆದು ಮೇಜಿನ ಮೇಲೆ ಇಟ್ಟೆ.

ಬಾಳಾಸಾಹೇಬ ಕುರ್ಚಿ ಸರಿಸಿ ಎದ್ದು ನಿಂತರು. ಏನೋ ಕೂಗಿದರು. ನನಗೆ ಕೇಳಿಸಲಿಲ್ಲ. ನಾನು ಬಂಡೆಪ್ಪನನ್ನೇ ನೋಡುತ್ತಿದ್ದೆ.

“ಹಾಲು ಒಯ್ದಿದ್ಲೇನ್ರೀ?” ಎಂದು ಕೇಳಿದ. “ಅದಕ್ಕ?”

“ಹೂಂ.”

ಅವನು ಲೋಟವನ್ನು ತಿರುಗಿಸಿ ಹೆಸರಿನ ಮೇಲೆ ಹೆಬ್ಬೆರಳಾಡಿಸಿದ. ಅಂಗಿಯ ಒಳಗೆ ಇಟ್ಟುಕೊಂಡ. ಕಂಬಳಿ ಸರಿಮಾಡಿಕೊಂಡು ಎದ್ದ. ಬಾಗಿಲಲ್ಲಿ ನಿಂತು, ಹನ್ನೊಂದು ತಿಂಗಳ ಮೇಲೆ ಮೊದಲ ಬಾರಿ ನನ್ನ ಮುಖ ನೋಡಿ ಹೇಳಿದ:

“ಮೂಲಿ ಇರ್ಲಿ. ನೀವು ಇರಬ್ಯಾಡ್ರಿ.”

26 ಜುಲೈ, ಶನಿವಾರ

ಇಲಾಖೆಗೆ ಪತ್ರ ಬರೆದು, ಹಳೆಯ ವರದಿ ಸುಳ್ಳೆಂದು ಸಹಿ ಹಾಕಿ ಖುದ್ದಾಗಿ ಕೊಟ್ಟು ಬಂದೆ. ಕ್ರಮ ಆಗುತ್ತದೆ. ಆಗಲಿ. ಇವರಿಗೆ ಎಲ್ಲ ಹೇಳಿದೆ. “ಒಂದು ವರ್ಷ ಇದನ್ನ ಒಬ್ಬಾಕೀನ ಹೊತ್ತಿದ್ಯಲ್ಲ” ಎಂದರು. ಹೊತ್ತವಳು ನಾನಲ್ಲ, ಕಾಂತಾ ಎಂದೆ.

ಜೆಸಿಬಿ ಬರಲಿಲ್ಲವಂತೆ.

28 ಜುಲೈ, ಸೋಮವಾರ

ನಾಗಚೌತಿ. ಬೆಳಿಗ್ಗೆ ವಡಗಾವಿಗೆ ಹೋದೆ. ಕಾಂತಾಳಿಗೆ ಊರಿನಿಂದ ಸುದ್ದಿ ಮುಟ್ಟಿತ್ತು. ಬಾಗಿಲಲ್ಲೇ ನಿಂತಿದ್ದಳು. ಚಾಪೆ ಹಾಸಲಿಲ್ಲ.

“ಒಂದ್ ವರ್ಷ, ಬಾಯಾರ,” ಎಂದಳು. “ದಿನಾ ನಾನ ಕೊಂದೆ ಅಂತ ಏಳತಿದ್ದೆ.”

ತಪ್ಪಾಯಿತು ಎಂದೆ. ಆ ಮಾತು ಎಷ್ಟು ಸಣ್ಣದೆಂದು ಆಡಿದ ಮೇಲೆ ತಿಳಿಯಿತು. ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ, ಬಾ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಒಳಗೆ ಒಲೆ ಹೊತ್ತಿಸಿದ ಸದ್ದು ಕೇಳಿತು. ತಂಗಿ ಹೊರಗೆ ಕಟ್ಟೆಯ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದಳು.

ಸಂಜೆ ಪೂರ್ಣಿಮಾ ಯಾರದೋ ಫೋನಿನಿಂದ ಮಾತಾಡಿದಳು. ಹೆಂಗಸರು ಸುಣ್ಣದ ಕಲ್ಲಿನ ಹೊರಗೇ ನಿಂತು, ಒಂದು ಮಣ್ಣಿನ ಹರಿವಾಣಕ್ಕೆ ಹಾಲೆರೆದರಂತೆ. ಪಾಕೀಟು ಒಂದನ್ನೂ ಬಿಡದೆ ಮಕ್ಕಳು ಆರಿಸಿದರಂತೆ. ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು ಎನ್ನುತ್ತ ಎಲ್ಲರೂ ಎರೆದ ಮೇಲೆ ಬಂಡೆಪ್ಪ ಆ ಲೋಟ ಹಿಡಿದು ಬಂದನಂತೆ. ಏನು ಅಂದ ಎಂದು ಕೇಳಿದೆ.

“ಏನೂ ಅನಲಿಲ್ರೀ. ಎರದು ಹೋದ.”

30 ಜುಲೈ, ಬುಧವಾರ

ರಜೆಯ ಮೇಲಿದ್ದೇನೆ. ಇನ್ನೊಂದು ಶಾಲೆ ಕೊಡುತ್ತಾರೋ, ಮನೆಗೇ ಕಳಿಸುತ್ತಾರೋ ಗೊತ್ತಿಲ್ಲ. ಬೆಳಿಗ್ಗೆ ಇವರು ಹಿತ್ತಲಿನ ಹುಲ್ಲು ತೆಗೆಸಲು ಆಳು ಕರೆದಿದ್ದರು. ವಾಪಸು ಕಳಿಸಿದೆ. ಇವರು ನಕ್ಕು ಒಳಗೆ ಹೋದರು. ನನಗೇನು ಕೆಲಸ? ಚಹಾ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಹೊತ್ತು ಹೋದದ್ದು ತಿಳಿಯಲಿಲ್ಲ.

ಇರುವೆ, ಎಣಿಸಾಕ ಆಗಲಿಲ್ಲ. ಬಸವನಹುಳು 3. ಸೂರಕ್ಕಿ 1, ಪೇರಲ ಗಿಡದ ಮೇಲೆ. ಬಚ್ಚಲ ಮೂಲೆಯ ಜೇಡ, ಅದೇ.

ಕಾಣಲಿಲ್ಲ, ಆದ್ರ ಐತಿ: ಕಪ್ಪೆ, ದನಿ. ಇಲಿ, ಬಿಲ. ಮಾಯಾ, 1.